ಮುಖದ ಮೂಳೆ ಮುರಿದಾಗ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡುನುಡಿಯ ಮಾತು ನಡೆಯುವುದು ವಾಡಿಕೆ. ಆ ವಿಷಯವನ್ನು ಕುರಿತು ಮಾತನಾಡಬಲ್ಲ ವಿದ್ವಾಂಸರು ಈ ಸಭೆಯಲ್ಲಿಯೇ ಅನೇಕರಿದ್ದಾರೆ. ಅವರ ನಡುವೆ ಅರಿವಳಿಕೆಯ ವೈದ್ಯರಾದ ನಮ್ಮನ್ನು ಕರೆದು, ‘ನಿಮ್ಮ ಕಸುಬಿನ ವಿಷಯವನ್ನೇ ಕನ್ನಡದಲ್ಲಿ ಹೇಳಿ’ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ಸ್ವಲ್ಪ ಅಳುಕಿದೆವು. ಆದರೆ ಒಂದು ಸಂಗತಿ ನೆನಪಿಗೆ ಬಂದು ಧೈರ್ಯವಾಯಿತು. 1956ನೆಯ ಇಸವಿ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡದ ಸೀಮೆಗಳು ಒಂದು ರಾಜ್ಯವಾದುವು. ಅದೇ 1956ರಲ್ಲಿಯೇ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಈ ದೆಹಲಿಯಲ್ಲಿ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ, ಎಂದರೆ ನಾವೆಲ್ಲ ಏಮ್ಸ್ ಎಂದು ಕರೆಯುವ ಆಸ್ಪತ್ರೆ, ಹುಟ್ಟಿತು. ಅದಕ್ಕೂ ಅದರೆದುರಿನ ಸಫ್ದರ್‌ಜಂಗ್ ಆಸ್ಪತ್ರೆಗೂ ಒಮ್ಮೆಯಾದರೂ ಹೋಗದ ಕನ್ನಡ ಮನೆ ಈ ಊರಿನಲ್ಲಿ ಅಪರೂಪ. ಆದುದರಿಂದ ಆಸ್ಪತ್ರೆಯ ಮಾತೂ ನಮ್ಮ ಮಾತೇ.

ಊರಿನಲ್ಲಿ ಯಾರಿಗಾದರೂ ಪೆಟ್ಟಾದರೆ ನಾಲ್ಕು ಮನೆಯವರು ಓಡಿ ಬರುತ್ತಾರೆ. ಇಲ್ಲಿ ನೋಯ್ಡಾದಿಂದಲೋ ದ್ವಾರಕೆಯಿಂದಲೋ ಅಪರಾತ್ರಿಯಲ್ಲಿ ಫೋನು ಬಂದರೆ, ಹೊರಡುವವರು ಒಬ್ಬರೋ ಇಬ್ಬರೋ. ಆಸ್ಪತ್ರೆಯ ಬಾಗಿಲಲ್ಲಿ ಕೇಳುವ ಪ್ರಶ್ನೆಗಳು ಹಿಂದಿಯಲ್ಲಿ. ಸಹಿ ಹಾಕಬೇಕಾದ ಕಾಗದ ಇಂಗ್ಲಿಷಿನಲ್ಲಿ. ಗಾಯಗೊಂಡವನ ಬಾಯಿಯಿಂದ ಮಾತೇ ಹೊರಡದು. ಅಂಥ ಒಂದು ರಾತ್ರಿಯ ಸಂಗತಿಯನ್ನು ಮೊದಲು ಹೇಳುತ್ತೇವೆ. ಮಿಕ್ಕ ವಿಷಯವೆಲ್ಲ ಅದರ ಬೆನ್ನ ಹಿಂದೆಯೇ ಬರುತ್ತದೆ.

ಚಳಿಗಾಲ. ಮಂಜು ದಟ್ಟವಾಗಿತ್ತು. ಶಿವಮೊಗ್ಗದ ಕಡೆಯ ಒಬ್ಬ ಯುವಕ ಸ್ಕೂಟರಿನಿಂದ ಬಿದ್ದು ಬಂದಿದ್ದ. ತಲೆಯ ಮೇಲೆ ಹೆಲ್ಮೆಟ್ಟು ಇತ್ತು, ಆದರೆ ಅದು ಗದ್ದವನ್ನು ಮುಚ್ಚದ ಅರ್ಧ ಹೆಲ್ಮೆಟ್ಟು. ತಲೆ ಉಳಿಯಿತು, ಕೆಳದವಡೆ ಎರಡು ಕಡೆ ಮುರಿಯಿತು. ಜೊತೆಗೆ ಬಂದವರು ಅವನ ಹೆಂಡತಿ ಮತ್ತು ಆಗತಾನೇ ಊರಿನಿಂದ ಬಂದಿದ್ದ ತಂದೆ. ಆಪರೇಷನ್ನಿಗೆ ಮುಂಚೆ ನಾವು ಕೇಳುವ ಪ್ರಶ್ನೆಗಳನ್ನು ಕೇಳಿದೆವು. ‘ಗುಟ್ಕಾ, ತಂಬಾಕು, ಅಡಿಕೆಯ ಅಭ್ಯಾಸ ಉಂಟೆ?’ ತಂದೆ ‘ಛೇ ಛೇ, ನಮ್ಮ ಹುಡುಗ ಅಂಥವನಲ್ಲ’ ಎಂದರು. ಹೆಂಡತಿ ತಲೆ ತಗ್ಗಿಸಿ ‘ಇಲ್ಲ’ ಎಂದಳು. ಯುವಕನ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ದವಡೆ ಮುರಿದ ನೋವಿಗೆ ಹಾಗಾಗುವುದು ಸಾಮಾನ್ಯವೆಂದು ನಾವೂ ಬರೆದುಕೊಂಡೆವು.

ಹತ್ತು ನಿಮಿಷದ ಮೇಲೆ ಆಕೆ ಒಬ್ಬಳೇ ನಮ್ಮ ಹಿಂದೆ ಓಡಿಬಂದಳು. ‘ಡಾಕ್ಟ್ರೇ, ನೀವು ಕನ್ನಡದೋರು ಅಂತ ಹೇಳ್ತಿದೀನಿ. ಐದು ವರ್ಷದಿಂದ ಗುಟ್ಕಾ ಹಾಕ್ತಾರೆ. ಮಾವನೋರ ಎದುರಿಗೆ ಹೇಳೋಕಾಗ್ಲಿಲ್ಲ. ಬೀಳೋಕ್ಕಿಂತ ಮುಂಚೇನೂ ಬಾಯಿ ಸರಿಯಾಗಿ ತೆಗೆಯೋಕಾಗ್ತಿರಲಿಲ್ಲ, ತುತ್ತು ಚಿಕ್ಕದು ಮಾಡಿ ಕೊಡ್ತಿದ್ದೆ’ ಎಂದಳು. ಆ ನಾಲ್ಕು ಮಾತಿನಿಂದ ನಾವು ಮಾಡಹೊರಟಿದ್ದ ಕ್ರಮವೇ ಬದಲಾಯಿತು. ಏಕೆ ಎಂಬುದನ್ನು ವಿವರಿಸುವುದೇ ಈ ಭಾಷಣದ ಉದ್ದೇಶ.

ಮುಖಕ್ಕೆ ಪೆಟ್ಟು ಬಿದ್ದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಮುಖ ಮೊದಲಿನ ಹಾಗೆ ಆಗುತ್ತದೆಯೆ?’ ಎಂಬುದು. ಅದು ಸಹಜ. ಆದರೆ ವೈದ್ಯರು ನೋಡುವ ಕ್ರಮ ಬೇರೆ. ಮೊದಲು ಉಸಿರು, ಆಮೇಲೆ ನೋವು, ಕೊನೆಗೆ ರೂಪ. ಮೂಗು ಬಾಯಿಗಳೆರಡೂ ಉಸಿರಿನ ಬಾಗಿಲುಗಳಲ್ಲವೆ? ಮುಖ ಮುರಿಯಿತೆಂದರೆ ಬಾಗಿಲ ಚೌಕಟ್ಟೇ ಮುರಿದಂತೆ. ನಾಲಗೆಯನ್ನು ಮುಂದಕ್ಕೆ ಹಿಡಿದಿರುವ ಮಾಂಸಖಂಡ ಗದ್ದದ ಮೂಳೆಯ ಒಳಬದಿಗೆ ಅಂಟಿಕೊಂಡಿದೆ. ಗದ್ದದ ಎರಡು ಬದಿಯೂ ಮುರಿದರೆ ಆ ಆಸರೆ ತಪ್ಪಿ, ಅಂಗಾತ ಮಲಗಿದವನ ನಾಲಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚಬಹುದು. ಅದರ ಜೊತೆಗೆ ರಕ್ತ, ಮುರಿದ ಹಲ್ಲು, ಗಂಟೆ ಗಂಟೆಗೂ ಏರುವ ಬಾವು.

ಆದಕಾರಣ ಎಚ್ಚರವಿದ್ದು, ತಾನೇ ಎದ್ದು ಕುಳಿತು ಮುಂದಕ್ಕೆ ಬಾಗಿ ರಕ್ತ ಉಗುಳುತ್ತಿರುವವನನ್ನು ಕರುಣೆಯಿಂದ ಬಲವಂತವಾಗಿ ಮಲಗಿಸಬಾರದು. ಅವನು ತನ್ನ ಉಸಿರನ್ನು ತಾನೇ ಕಾಪಾಡಿಕೊಳ್ಳುತ್ತಿದ್ದಾನೆ. ಎಚ್ಚರ ತಪ್ಪಿದವನನ್ನು ಕತ್ತು ತಿರುಚದಂತೆ ತಲೆ, ಕತ್ತು, ಮೈಗಳನ್ನು ಒಂದೇ ಸಾಲಿನಲ್ಲಿ ಹಿಡಿದು ಪಕ್ಕಕ್ಕೆ ಹೊರಳಿಸಬೇಕು. ಮುಖಕ್ಕೆ ಬಿದ್ದ ಪೆಟ್ಟು ಕತ್ತಿನ ಮೂಳೆಗೂ ಬಿದ್ದಿರಬಹುದು. ಮೂಗಿನಿಂದ ತಿಳಿನೀರಿನಂಥ ದ್ರವ ಸುರಿಯುತ್ತಿದ್ದರೆ ಹತ್ತಿ ತುರುಕಬಾರದು, ಮೂಗು ಸೀನಲು ಬಿಡಬಾರದು. ಅದು ಮಿದುಳಿನ ಸುತ್ತಲಿನ ನೀರಾಗಿರಬಹುದು. ಪೂರ್ತಿ ಕಳಚಿ ಬಿದ್ದ ಹಲ್ಲು ಸಿಕ್ಕಿದರೆ ಉಜ್ಜದೆ ಹಾಲಿನಲ್ಲಿ ಹಾಕಿ ತನ್ನಿ. ಸಿಕ್ಕದಿದ್ದರೆ ಸಿಕ್ಕಲಿಲ್ಲವೆಂದು ಹೇಳಿ. ಅದು ಶ್ವಾಸಕೋಶದೊಳಗೆ ಹೋಗಿದೆಯೇ ಎಂದು ನೋಡಬೇಕಾಗುತ್ತದೆ.

ಮುಖದ ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ತೊಡಕು ಉಂಟು. ಹೊಟ್ಟೆಯ ಆಪರೇಷನ್ನಿನಲ್ಲಿ ಶಸ್ತ್ರವೈದ್ಯರು ಹೊಟ್ಟೆಯ ಬಳಿ, ನಾವು ತಲೆಯ ಬಳಿ; ಜಗಳವಿಲ್ಲ. ಮುಖದ ಆಪರೇಷನ್ನಿನಲ್ಲಿ ಇಬ್ಬರಿಗೂ ಬೇಕಾದದ್ದು ಅದೇ ಒಂದು ಗೇಣು ಜಾಗ. ಈ ತೊಡಕನ್ನು ಬಿಡಿಸಿದ ಕಥೆ ಮೊದಲನೆಯ ಮಹಾಯುದ್ಧದ ಕಾಲದ್ದು. ಇಂಗ್ಲೆಂಡಿನ ಸಿಡ್‌ಕಪ್ ಎಂಬಲ್ಲಿ 1917ರಲ್ಲಿ ಮುಖ ಛಿದ್ರವಾದ ಸೈನಿಕರಿಗಾಗಿ ಒಂದು ಆಸ್ಪತ್ರೆ ತೆರೆಯಿತು. ಹೆರಾಲ್ಡ್ ಗಿಲೀಸ್ ಅಲ್ಲಿಯ ಶಸ್ತ್ರವೈದ್ಯರು. ಮೂಗಿಲ್ಲದ, ದವಡೆಯಿಲ್ಲದ ಮುಖಕ್ಕೆ ಈಥರಿನ ಮುಸುಕನ್ನು ಹಿಡಿಯುವುದೆಲ್ಲಿ? ಹಿಡಿದರೂ ಅದರ ಕೆಳಗೆ ಶಸ್ತ್ರ ಆಡಿಸುವುದು ಹೇಗೆ? ಯುದ್ಧ ಮುಗಿದ ಮೇಲೆ ಅಲ್ಲಿಗೆ ಬಂದ ಐವನ್ ಮ್ಯಾಗಿಲ್ ಮತ್ತು ಸ್ಟ್ಯಾನ್ಲಿ ರೋಬೋಟಮ್ ಎಂಬ ಇಬ್ಬರು ಅರಿವಳಿಕೆಯ ವೈದ್ಯರು ಶ್ವಾಸನಾಳದೊಳಕ್ಕೇ ರಬ್ಬರ್ ನಳಿಕೆಯನ್ನು ಇಳಿಸಿ ಉಸಿರಾಡಿಸುವ ಉಪಾಯವನ್ನು ಸುಧಾರಿಸಿ ರೂಢಿಗೆ ತಂದರು. ಮ್ಯಾಗಿಲರ ಹೆಸರಿನ ಇಕ್ಕಳ ಇಂದಿಗೂ ನಮ್ಮ ತಟ್ಟೆಯಲ್ಲಿ ಇರುತ್ತದೆ.

ಆದರೆ ನಳಿಕೆಯ ದಾರಿ ಯಾವುದು? ದವಡೆ ಕೂಡಿಸುವಾಗ ಶಸ್ತ್ರವೈದ್ಯರು ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ತಂತಿಯಿಂದ ಒಟ್ಟಿಗೆ ಬಿಗಿದು, ಮೊದಲಿನಂತೆ ಹಲ್ಲಿಗೆ ಹಲ್ಲು ಕೂಡುತ್ತದೆಯೆ ಎಂದು ನೋಡಿ, ಆಮೇಲೆ ಟೈಟೇನಿಯಂ ತಗಡುಗಳನ್ನು ಕೂರಿಸುತ್ತಾರೆ. ಬಾಯಿಯಲ್ಲಿ ನಳಿಕೆ ಇದ್ದರೆ ಹಲ್ಲು ಕೂಡವು. ಆದ್ದರಿಂದ ಮೂಗಿನ ದಾರಿ. ಮೇಲ್ದವಡೆಯೂ ಮೂಗಿನ ಬುಡವೂ ಮುರಿದು ತಲೆಬುರುಡೆಯ ತಳಕ್ಕೆ ಬಿರುಕು ಬಿಟ್ಟಿದ್ದರೆ ಮೂಗಿನ ದಾರಿಯೂ ಅಪಾಯ. ಮೇಲ್ದವಡೆಯ ಭಾಗ ಯಾವ ಯಾವ ಗೆರೆಗಳಲ್ಲಿ ಬಿರಿಯುತ್ತದೆಂಬುದನ್ನು ಫ್ರಾನ್ಸಿನ ರೆನೆ ಲಫೋರ್ 1901ರಲ್ಲಿ ಶವಗಳ ಮೇಲೆ ಪರೀಕ್ಷಿಸಿ ಮೂರು ಬಗೆಯಾಗಿ ವಿಂಗಡಿಸಿದರು, ಇಂದಿಗೂ ಸಿ.ಟಿ. ಚಿತ್ರ ನೋಡುವಾಗ ಅವರ ಹೆಸರೇ ನಮ್ಮ ಬಾಯಲ್ಲಿ. ಎರಡು ದಾರಿಯೂ ಮುಚ್ಚಿದಾಗ ಗದ್ದದ ಕೆಳಗೆ ಸಣ್ಣ ಗಾಯ ಮಾಡಿ, ಬಾಯಿಯಿಂದ ಇಳಿಸಿದ ನಳಿಕೆಯ ಹೊರತುದಿಯನ್ನು ಅದರೊಳಗಿಂದ ಈಚೆಗೆ ತೆಗೆಯುವ ಉಪಾಯವನ್ನು ಸ್ಪೇನಿನ ಎರ್ನಾಂಡೆಸ್ ಅಲ್ತೆಮಿರ್ 1986ರಲ್ಲಿ ಪ್ರಕಟಿಸಿದರು. ಅದೂ ಆಗದಿದ್ದರೆ ಕತ್ತಿನಲ್ಲಿ ಶ್ವಾಸನಾಳಕ್ಕೇ ರಂಧ್ರ ಮಾಡಬೇಕು. ‘ಮುಖದ ಆಪರೇಷನ್ನಿಗೆ ಕತ್ತು ಏಕೆ ಕೊಯ್ದರು?’ ಎಂದು ಗಾಬರಿಯಾಗುವ ಬಂಧುಗಳಿಗೆ ಇದೇ ಉತ್ತರ.

ಈಗ ಆ ಯುವಕನ ಬಳಿಗೆ ಹಿಂತಿರುಗೋಣ. ನೋವಿನಿಂದ ಬಿಗಿದ ಬಾಯಿ, ನಿದ್ರೆಯ ಮದ್ದೂ ಮಾಂಸಖಂಡ ಸಡಿಲಿಸುವ ಮದ್ದೂ ಕೊಟ್ಟ ಕೂಡಲೇ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಆದರೆ ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಹಗ್ಗದಂತೆ ಬಿಗಿಯುತ್ತದೆ. ಆ ನಾರು ಯಾವ ಮದ್ದಿಗೂ ಸಡಿಲವಾಗದು. ನಾವು ತಿಳಿಯದೆ ಮದ್ದು ಕೊಟ್ಟಿದ್ದರೆ ಅವನ ಸ್ವಂತ ಉಸಿರು ನಿಲ್ಲುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಮುಂದಿನ ಕೆಲವು ನಿಮಿಷಗಳಲ್ಲಿ ಏನಾಗಬಹುದಿತ್ತೆಂಬುದನ್ನು ಈ ಸಭೆಯಲ್ಲಿ ವರ್ಣಿಸಲು ನಮಗೆ ಮನಸ್ಸಿಲ್ಲ. ನಮ್ಮ ಮಲೆನಾಡಿನ ತೋಟದಲ್ಲಿ ಬೆಳೆದ ಅಡಿಕೆಯೇ ಇಷ್ಟು ದೂರದ ಊರಿನಲ್ಲಿ ನಮ್ಮ ಹುಡುಗನ ಬಾಯಿಗೆ ಬೀಗವಾಗಿತ್ತು.

ಆಕೆ ನಿಜ ಹೇಳಿದ್ದರಿಂದ ಕ್ರಮ ಬದಲಾಯಿತು. ಅವನನ್ನು ನಿದ್ರೆಗೆ ಕಳಿಸದೆ, ಎಚ್ಚರವಾಗಿಯೇ ಇರಿಸಿಕೊಂಡು, ಮೂಗು ಗಂಟಲುಗಳನ್ನು ಮಾತ್ರ ಮರಗಟ್ಟಿಸಿ, ತುದಿಯಲ್ಲಿ ದೀಪವಿರುವ ಬಳುಕುವ ದುರ್ಬೀನನ್ನು ಮೂಗಿನಿಂದ ಇಳಿಸಿ, ಅದರ ಮೇಲೆ ನಳಿಕೆಯನ್ನು ಜಾರಿಸಿದೆವು. ಅವನು ಕೊನೆಯವರೆಗೂ ತಾನೇ ಉಸಿರಾಡುತ್ತಿದ್ದ. ನಳಿಕೆ ಸ್ವಸ್ಥಾನ ಸೇರಿದ ಮೇಲೆಯೇ ನಿದ್ರೆಯ ಮದ್ದು.

ಮನುಷ್ಯ ಎಚ್ಚರವಾಗಿದ್ದು ಅವನ ಗಂಟಲು ಮಾತ್ರ ‘ನಿದ್ರಿಸುವುದು’ ಹೇಗೆ? ಇದೇ ಸ್ಥಳೀಯ ಅರಿವಳಿಕೆ. ‘ಅರಿವಳಿಕೆ’ ಎಂಬುದು ಸೊಗಸಾದ ಕನ್ನಡ ಪದ. ಆದರೆ ಇಲ್ಲಿ ಅಳಿಯುವುದು ಅರಿವಲ್ಲ, ನೋವಿನ ಸುದ್ದಿ ಹೋಗುವ ದಾರಿ.

ಇದರ ಮೊದಲ ಮದ್ದು ದಕ್ಷಿಣ ಅಮೆರಿಕದ ಕೋಕಾ ಎಲೆಯಿಂದ ಬಂದ ಕೊಕೇನು. ಅದು ನಾಲಗೆಯನ್ನು ಜೋಮು ಹಿಡಿಸುವುದನ್ನು ಗಮನಿಸಿದ ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೊಲ್ಲರ್, ಪ್ರಾಣಿಗಳ ಕಣ್ಣಿನಲ್ಲಿಯೂ ತನ್ನ ಕಣ್ಣಿನಲ್ಲಿಯೂ ಪ್ರಯೋಗಿಸಿ ನೋಡಿದ. 1884ರ ಸೆಪ್ಟೆಂಬರಿನಲ್ಲಿ ಹೈಡೆಲ್‌ಬರ್ಗಿನ ನೇತ್ರವೈದ್ಯರ ಸಭೆಯಲ್ಲಿ ಆ ವರದಿಯನ್ನು ಓದಿದವನು ಬೇರೊಬ್ಬ. ಕೊಲ್ಲರನಿಗೆ ಅಲ್ಲಿಗೆ ಹೋಗುವಷ್ಟು ಹಣವಿರಲಿಲ್ಲ! ಅದೇ ವರ್ಷ ಅಮೆರಿಕದಲ್ಲಿ ಹಾಲ್‌ಸ್ಟೆಡ್ ಮತ್ತು ಅವನ ಜೊತೆಗಾರರು ಕೆಳದವಡೆಯ ನರದ ಬುಡಕ್ಕೆ ಚುಚ್ಚಿ ದವಡೆಯ ಆ ಬದಿಯನ್ನೆಲ್ಲ ಮರಗಟ್ಟಿಸುವುದನ್ನು ಕಂಡುಕೊಂಡರು. ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು ಹಾಲ್‌ಸ್ಟೆಡ್ ಕೊಕೇನಿನ ಚಟಕ್ಕೆ ಬಲಿಯಾದದ್ದು ಆ ಕಥೆಯ ದುಃಖದ ಭಾಗ. ಚಟ ಹಿಡಿಸದ ಮದ್ದು ಬೇಕೆಂದು ಜರ್ಮನಿಯ ಐನ್‌ಹಾರ್ನ್ ನೊವೊಕೇನನ್ನು ತಯಾರಿಸಿದ. 1943ರಲ್ಲಿ ಸ್ವೀಡನ್ನಿನ ಲೊಫ್‌ಗ್ರೆನ್ ಮತ್ತು ಲುಂಡ್‌ಕ್ವಿಸ್ಟ್ ಲಿಗ್ನೊಕೇನನ್ನು ತಯಾರಿಸಿದರು. 1948ರಲ್ಲಿ ಅದು ಝೈಲೊಕೇನ್ ಎಂಬ ಹೆಸರಿನಲ್ಲಿ ಪೇಟೆಗೆ ಬಂದಿತು. ತಮ್ಮ ಹಲ್ಲಿನ ವೈದ್ಯರು ಇಂದಿಗೂ ಹೆಚ್ಚಾಗಿ ಚುಚ್ಚುವುದು ಅದನ್ನೇ.

ಇನ್ನು ಅದು ಕೆಲಸ ಮಾಡುವ ಬಗೆ. ಊರಿನಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಬಾವಿಯಿಂದ ಬಣವೆಯವರೆಗೆ ಜನ ಸಾಲಾಗಿ ನಿಂತು ಕೊಡ ದಾಟಿಸುವುದನ್ನು ಹಿರಿಯರು ಕಂಡಿರಬಹುದು. ನೋವಿನ ಸುದ್ದಿ ನರದಲ್ಲಿ ಹೋಗುವುದೂ ಹೀಗೆಯೇ, ಕೈಯಿಂದ ಕೈಗೆ. ನರತಂತುವಿನ ಹೊರಗೆ ಸೋಡಿಯಂ ಕಣಗಳು ಹೆಚ್ಚು, ಒಳಗೆ ಕಡಿಮೆ. ತಂತುವಿನ ಗೋಡೆಯಲ್ಲಿ ಕೆರೆಯ ತೂಬಿನಂಥ ಸಣ್ಣ ಬಾಗಿಲುಗಳುಂಟು. ಪೆಟ್ಟು ಬಿದ್ದಾಗ ಒಂದು ತೂಬು ತೆರೆದು ಸೋಡಿಯಂ ಒಳನುಗ್ಗುತ್ತದೆ, ಅದರಿಂದ ಹುಟ್ಟಿದ ವಿದ್ಯುತ್ತು ಪಕ್ಕದ ತೂಬನ್ನು ತೆರೆಯುತ್ತದೆ, ಅದು ಮುಂದಿನದನ್ನು. ಕಣ್ಣು ಮಿಟುಕಿಸುವಷ್ಟರಲ್ಲಿ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಲಿಗ್ನೊಕೇನು ನರದ ಗೋಡೆಯನ್ನು ದಾಟಿ ಒಳಗೆ ಹೋಗಿ, ಒಳಬದಿಯಿಂದ ತೂಬಿಗೆ ಬೆಣೆ ಹೊಡೆಯುತ್ತದೆ. ಸಾಲಿನ ನಡುವೆ ಒತ್ತೊತ್ತಾಗಿ ನಿಂತ ಮೂವರ ಕೈ ಕಟ್ಟಿದರೆ ಕೊಡ ಮುಂದೆ ಹೋದೀತೆ? ಗಾಯ ಗಾಯವೇ, ಮಿದುಳು ಎಚ್ಚರವೇ. ಸುದ್ದಿ ಮಾತ್ರ ತಲುಪದು. ನೋವನ್ನು ಒಯ್ಯುವ ಸಣ್ಣ ತಂತುಗಳು ಬೇಗ ಸುಮ್ಮನಾಗುತ್ತವೆ, ಒತ್ತಡವನ್ನು ಒಯ್ಯುವ ದಪ್ಪ ತಂತುಗಳು ತಡವಾಗಿ. ‘ಎಳೆಯುವುದು ತಿಳಿಯಿತು, ನೋಯಲಿಲ್ಲ’ ಎಂದು ಹಲ್ಲು ಕೀಳಿಸಿಕೊಂಡವರು ಹೇಳುವುದು ಇದಕ್ಕೇ. ಕೀವು ತುಂಬಿದ ಜಾಗದಲ್ಲಿ ಹುಳಿಯಂಶ ಹೆಚ್ಚು. ಅಲ್ಲಿ ಮದ್ದು ನರದ ಗೋಡೆ ದಾಟುವುದು ಕಷ್ಟ. ಅದಕ್ಕೇ ಬಾತ ಹಲ್ಲಿಗೆ ಚುಚ್ಚುಮದ್ದು ಸರಿಯಾಗಿ ಹತ್ತುವುದಿಲ್ಲ.

ಮುಖದ ಸುದ್ದಿಯೆಲ್ಲ ಬಲಕ್ಕೊಂದು ಎಡಕ್ಕೊಂದು ಇರುವ ಐದನೆಯ ಕಪಾಲನರದಿಂದಲೇ ಮುಖ್ಯವಾಗಿ ಹೋಗುತ್ತದೆ. ಅದಕ್ಕೆ ಮೂರು ಕವಲು: ಹಣೆ-ಕಣ್ಣಿಗೆ ಒಂದು, ಕೆನ್ನೆ-ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು. ಕವಲಿನ ಬುಡದಲ್ಲಿ ಸ್ವಲ್ಪ ಮದ್ದು ಹಾಕಿದರೆ ಅದರ ಸೀಮೆಯೆಲ್ಲ ಮರಗಟ್ಟುತ್ತದೆ. ಹರಿದ ತುಟಿ ಹೊಲಿಯಲು, ಸರಳವಾಗಿ ಮುರಿದ ಮೂಗನ್ನು ನೇರ ಮಾಡಲು, ಅಲುಗುವ ಹಲ್ಲುಗಳನ್ನು ತಂತಿಯಿಂದ ಕಟ್ಟಲು, ಕೆಲವು ಸುಲಭದ ದವಡೆ ಮುರಿತಗಳಿಗೂ ಇಷ್ಟೇ ಸಾಕಾಗಬಹುದು. ದೊಡ್ಡ ಮುರಿತಗಳಿಗೆ ಪೂರ್ಣ ಅರಿವಳಿಕೆ ಬೇಕು. ಅಲ್ಲಿಯೂ ಆಪರೇಷನ್ನಿನ ಮೇಲಿನ ನೋವು ತಗ್ಗಿಸಲು ಬ್ಯುಪಿವಕೇನಿನಂಥ, ಹಲವು ಗಂಟೆ ನಿಲ್ಲುವ ಮದ್ದನ್ನು ಸೇರಿಸುತ್ತೇವೆ.

ಮದ್ದಿನ ಜೊತೆ ಅಡ್ರಿನಲಿನ್ ಬೆರೆಸುವುದುಂಟು. ಅದು ರಕ್ತನಾಳಗಳನ್ನು ಬಿಗಿಸಿ ರಕ್ತಸ್ರಾವ ತಗ್ಗಿಸುತ್ತದೆ, ಮದ್ದು ಬೇಗ ಕೊಚ್ಚಿಹೋಗದಂತೆ ತಡೆಯುತ್ತದೆ. ಎಲ್ಲ ಮದ್ದಿಗೂ ಮಿತಿಯುಂಟು. ಅಡ್ರಿನಲಿನ್ ಇಲ್ಲದ ಲಿಗ್ನೊಕೇನಿಗೆ ದೇಹದ ತೂಕದ ಕಿಲೋ ಒಂದಕ್ಕೆ ಸುಮಾರು 4.5 ಮಿಲಿಗ್ರಾಂ ಮೇಲಿನ ಮಿತಿ. 60 ಕಿಲೋ ತೂಕದವರಿಗೆ 270 ಮಿಲಿಗ್ರಾಂ, ಎಂದರೆ 2 ಪರ್ಸೆಂಟ್ ಔಷಧಿಯ 13.5 ಮಿಲಿಲೀಟರು. ಅಡ್ರಿನಲಿನ್ ಸೇರಿದರೆ ಕಿಲೋಗೆ 7 ಮಿಲಿಗ್ರಾಂವರೆಗೆ. ಮಿತಿ ಮೀರಿದರೆ, ಅಥವಾ ಮದ್ದು ರಕ್ತನಾಳದೊಳಕ್ಕೆ ಹೋದರೆ, ತುಟಿಯ ಸುತ್ತ ಜುಮುಜುಮು, ನಾಲಗೆಗೆ ಲೋಹದ ರುಚಿ, ಕಿವಿಯಲ್ಲಿ ಮೊರೆತ, ಆಮೇಲೆ ಸೆಳವು, ಹೃದಯದ ಲಯ ತಪ್ಪುವುದು. ಹಾಗೇನಾದರೂ ಅನಿಸಿದರೆ ಸಂಕೋಚಪಡದೆ ಕೂಡಲೇ ಹೇಳಬೇಕು. ಅದಕ್ಕೂ ಈಗ ಪ್ರತಿಮದ್ದು ಉಂಟು. ಮನೆಗೆ ಬಂದ ಮೇಲೆ ಜೋಮು ಇಳಿಯುವವರೆಗೆ ಬಿಸಿ ಕಾಫಿ ಬೇಡ. ಮಕ್ಕಳು ಮರಗಟ್ಟಿದ ತುಟಿಯನ್ನು ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ, ಪಕ್ಕದಲ್ಲಿ ಒಬ್ಬರು ಇರಬೇಕು.

ಕೊನೆಯದಾಗಿ ತಮ್ಮಲ್ಲಿ ಕೆಲವು ಅರಿಕೆಗಳು.

ಗಾಯಗೊಂಡವನಿಗೆ ದಾರಿಯಲ್ಲಿ ಚಹಾ, ಹಾಲು, ನೀರು ಏನನ್ನೂ ಕುಡಿಸಬೇಡಿ. ಮೊದಲೇ ಗೊತ್ತುಮಾಡಿದ ಆಪರೇಷನ್ನಿಗೆ ಲಘು ಉಪಾಹಾರವಾದ ಮೇಲೆ 6 ಗಂಟೆ, ಬರಿಯ ನೀರಾದ ಮೇಲೆ 2 ಗಂಟೆ ಕಾದರೆ ಸಾಕು. ಪೆಟ್ಟು ತಿಂದವನ ಹೊಟ್ಟೆ ಆ ಲೆಕ್ಕಕ್ಕೆ ಖಾಲಿಯಾಗುವುದಿಲ್ಲ. ನುಂಗಿದ ರಕ್ತವೂ ಅದರಲ್ಲಿರುತ್ತದೆ. ಏನಾದರೂ ಕೊಟ್ಟಿದ್ದರೆ ಯಾವಾಗ, ಏನು ಎಂದು ಮರೆಮಾಚದೆ ಹೇಳಿ.

ಮದ್ಯ, ತಂಬಾಕು, ಗುಟ್ಕಾ, ದಿನವೂ ನುಂಗುವ ಮಾತ್ರೆ, ರಕ್ತ ತೆಳುವಾಗಿಸುವ ಔಷಧಿ, ಒಗ್ಗದ ಮದ್ದು, ಹಿಂದೆ ಅರಿವಳಿಕೆಯಲ್ಲಿ ತಮಗೋ ರಕ್ತಸಂಬಂಧಿಗಳಿಗೋ ಆದ ತೊಂದರೆ – ಇವನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರೆಲ್ಲರ ಕೈಗೂ ಸಿಕ್ಕುವಂತೆ ಇಡಿ. ಹಿರಿಯರ ಎದುರಿಗೆ ಹೇಳಲಾಗದ್ದನ್ನು ವೈದ್ಯರ ಬಳಿ ಪ್ರತ್ಯೇಕವಾಗಿ ಹೇಳಲು ಅವಕಾಶ ಕೇಳಿ. ನಾವು ಕೇಳುವುದು ದೂಷಿಸಲಿಕ್ಕಲ್ಲ. ಮನೆಯ ಹಿರಿಯರಲ್ಲಿಯೂ ಒಂದು ಮಾತು: ಅಂಥ ಹೊತ್ತಿನಲ್ಲಿ ಮಕ್ಕಳ ಪರವಾಗಿ ತಾವೇ ‘ಇಲ್ಲ’ ಎಂದುಬಿಡಬೇಡಿ. ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು, ತಮ್ಮವೇ ಮೂರು ಬೆರಳು ಒಂದರ ಮೇಲೊಂದು ಹಲ್ಲಿನ ನಡುವೆ ಹಿಡಿಸುತ್ತವೆಯೆ ಎಂದು ಇಂದೇ ನೋಡಿಕೊಳ್ಳಿ. ಹಿಡಿಸದಿದ್ದರೆ ಹಲ್ಲಿನ ವೈದ್ಯರಿಗೆ ತೋರಿಸಿ, ಅಭ್ಯಾಸವಿದ್ದರೆ ಬಿಡಿ.

ದವಡೆಗೆ ತಂತಿ ಬಿಗಿದು ಮನೆಗೆ ಕಳಿಸಿದರೆ, ತಂತಿ ಕತ್ತರಿಸುವ ಇಕ್ಕಳವನ್ನು ಹಾಸಿಗೆಯ ಬಳಿ ಇಟ್ಟುಕೊಳ್ಳಿ. ಯಾವ ತಂತಿಯನ್ನು ಕತ್ತರಿಸಬೇಕೆಂದು ಆಸ್ಪತ್ರೆಯಲ್ಲಿಯೇ ಕೇಳಿ ತಿಳಿದುಕೊಳ್ಳಿ. ವಾಂತಿಯಾಗಿ ಉಸಿರು ಕಟ್ಟಿದಾಗ ಅದು ಬೇಕಾಗುತ್ತದೆ.

ಸ್ಕೂಟರ್ ಓಡಿಸುವವರು ಗದ್ದವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್ಟು ಧರಿಸಿ, ಪಟ್ಟಿ ಬಿಗಿಯಿರಿ. ರಸ್ತೆಯಲ್ಲಿ ಬಿದ್ದವರನ್ನು ಕಂಡರೆ 112ಕ್ಕೆ ಫೋನು ಮಾಡಿ, ನಿಂತು ನೆರವಾಗಿ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿದ ವಿಧಿಯಂತೆ, ಸದ್ಭಾವದಿಂದ ನೆರವಾದವರು ತಮ್ಮ ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ.

ಸಂಘದ ಕಾರ್ಯಸಮಿತಿಗೂ ಒಂದು ಸೂಚನೆ. ಕನ್ನಡ, ಹಿಂದಿ ಎರಡನ್ನೂ ಬಲ್ಲ, ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಬರಬಲ್ಲ ಕೆಲವು ಸದಸ್ಯರ ಪಟ್ಟಿಯನ್ನು ಪ್ರದೇಶವಾರಾಗಿ ತಯಾರಿಸಬಾರದೇಕೆ? ಆ ರಾತ್ರಿ ಆಕೆ ಕನ್ನಡದಲ್ಲಿ ಹೇಳಿದ ಮಾತನ್ನು ಹಿಂದಿಯಲ್ಲಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ಕೇಳುವವರು ಕನ್ನಡದವರಾಗಿದ್ದುದು ಅಕಸ್ಮಾತ್ತು. ಇನ್ನೊಂದು ಮನೆಯವರಿಗೆ ಅದು ಅಕಸ್ಮಾತ್ತಿನಿಂದ ದೊರೆಯಬೇಕಾಗದಂತೆ ನಾವು ಮಾಡಬಹುದು.

ಆ ಯುವಕ ಗುಣವಾಗಿ ಮನೆಗೆ ಹೋದ. ಹೊರಡುವ ದಿನ ಅವನ ತಂದೆ ನಮ್ಮ ಬಳಿ ಬಂದು, ‘ಸೊಸೆ ಎಲ್ಲಾ ಹೇಳಿದಳು. ಅವಳು ಹೇಳಿದ್ದೇ ಒಳ್ಳೇದಾಯ್ತು’ ಎಂದರು. ಅವರ ಚೀಲದಲ್ಲಿದ್ದ ಎಲೆಯಡಿಕೆಯ ಸಂಚಿಯನ್ನು ಅವರೇ ತೆಗೆದು ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿದುದನ್ನು ನಾವು ಕಣ್ಣಾರೆ ಕಂಡೆವು.